ಹುಳುಮನೆಯ ಬೆಳೆ

ತಾಯಿಮರ ಉರುಳಿದಾಗ ಸಿದ್ದಲಕ್ಷ್ಮಮ್ಮ ಅಳಲಿಲ್ಲ. ಕಸಿ ಚಾಕುವನ್ನು ಸೆರಗಿಗೆ ಒರೆಸಿಕೊಂಡು ಮುಂದಿನ ಸಸಿಯನ್ನು ಎತ್ತಿಕೊಂಡಳು. ಕೊಡಲಿಯ ಸದ್ದು ನಿಂತ ಮೇಲೆ ಚಪ್ಪರದಡಿ ಕೂತಿದ್ದ ಹೆಂಗಸರೆಲ್ಲ ಅವಳ ಮುಖ ನೋಡಿದರು. ಅವಳು ಯಾರನ್ನೂ ನೋಡಲಿಲ್ಲ. ಅಂದು ಸಂಜೆಯೊಳಗೆ ಅವಳು ಕಟ್ಟಿದ ಕಸಿಗಳಲ್ಲಿ ಒಂದೂ ಸಾಯಲಿಲ್ಲ. ಸಿಟ್ಟು ಬಂದರೆ ಅವಳ ಕೈ ಇನ್ನಷ್ಟು ನಿಧಾನವಾಗುತ್ತಿತ್ತು.

ಆ ಮಾವಿನ ಮರ ಅವಳ ಗುಡಿಸಲ ಹಿಂದೆ ಇತ್ತು. ಗಂಡ ಎಲ್ಲಪ್ಪ ಯಾವುದೋ ಸಂತೆಯಲ್ಲಿ ತಿಂದ ಹಣ್ಣಿನ ಓಟೆಯನ್ನು ತಂದು ಅಲ್ಲಿ ಹೂತಿದ್ದ. ಮರ ಮೊದಲ ಫಲ ಬಿಡುವ ಹಿಂದಿನ ವರ್ಷ ಅವನು ತೀರಿಕೊಂಡ. ಹಣ್ಣಿಗೆ ನಾರಿಲ್ಲ, ಓಟೆ ತೆಳ್ಳಗೆ, ಕೊಯ್ದರೆ ಪಕ್ಕದ ತೋಟದವರೂ ಮೂಗೆತ್ತುವಂಥ ಪರಿಮಳ. ಅವಳೇ ಮೂರು ಹಣ್ಣು ಪುಟ್ಟಿಯಲ್ಲಿಟ್ಟುಕೊಂಡು ಹೋಗಿ ಮೊದಲಾಳಿ ಸುಬ್ಬರಾಯನ್ ಮುಂದಿಟ್ಟಿದ್ದಳು. ಪಾಲಕೋಡಿನ ಆಚೆ ಅವನ ಮಾವಿನ ಸಸಿತೋಟ. ಅಲ್ಲಿ ಅವಳು ಇಪ್ಪತ್ತೆರಡು ವರ್ಷದಿಂದ ಕಸಿ ಕಟ್ಟುತ್ತಿದ್ದಳು.

ಮೂರು ವರ್ಷದಲ್ಲಿ ಆ ಮಾವಿಗೆ ಸುಬ್ಬರಾಯನ್ ಮಗಳ ಹೆಸರು ಬಂತು: ‘ರಾಧಾ’. ಪೇಪರಿನಲ್ಲಿ ಅವನು ಕಸಿ ಕಟ್ಟುತ್ತಿರುವ ಫೋಟೋ ಬಂತು. ಆ ಕಸಿಯನ್ನು ಕಟ್ಟಿ ಅವನ ಕೈಗೆ ಕೊಟ್ಟವಳು ಸಿದ್ದಲಕ್ಷ್ಮಮ್ಮ. ಅದನ್ನೂ ಅವಳು ನುಂಗಿಕೊಂಡಳು. ಆಮೇಲೆ ಬೇರೆ ಸಸಿತೋಟದವನೊಬ್ಬ ಗುಡಿಸಲಿಗೆ ಬಂದು ನಾಲ್ಕು ಕಸಿ ಕಡ್ಡಿ ಕೇಳಿದ. ಕೊಟ್ಟಳು. ಸುದ್ದಿ ಸುಬ್ಬರಾಯನ್ ಕಿವಿಗೆ ಬಿತ್ತು. ಆ ಮಾವು ಬೇರೆಯವರಿಗೆ ಸಿಗದಿರಲೆಂದು ಮಾರನೇ ವಾರವೇ ಮರದ ಬುಡಕ್ಕೆ ಕೊಡಲಿ ಬಂತು.

"ಮೊದಲಾಳಿ, ಅದು ನಮ್ಮೆಜಮಾನ ನೆಟ್ಟ ಮರ," ಎಂದಿದ್ದಳು ಅವಳು, ದಾರಿಗಡ್ಡ ನಿಂತು.

"ನೆಟ್ಟೋನು ಯಾರಾದ್ರೂ ಆಗ್ಲಿ ಸಿದ್ದಮ್ಮ. ನೆಲ ಯಾರ್ದು? ನನ್ ನೆಲದಾಗೆ ಬೆಳೆದಿದ್ದೆಲ್ಲ ನಂದೇಯ. ಓಗು, ಕೆಲ್ಸ ನೋಡು."

ಅವಳು ಹೋದಳು, ಕೆಲಸ ನೋಡಿದಳು. ಆದರೆ ಆ ಮಾತನ್ನು ಬಿಡಲಿಲ್ಲ. ಎಲ್ಲಪ್ಪ ಸತ್ತಾಗ ಬಂದ ದುಃಖಕ್ಕೆ ಒಂದು ಕೊನೆ ಇತ್ತು, ಇದಕ್ಕಿರಲಿಲ್ಲ. ಬೆಳಿಗ್ಗೆ ಎದ್ದು ಗುಡಿಸಲ ಹಿಂದೆ ಹೋದರೆ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಆ ಬಿಸಿಲನ್ನು ಕಂಡಾಗಲೆಲ್ಲ ಹಲ್ಲು ಕಚ್ಚುತ್ತಿದ್ದಳು.

ದಾರಿ ಹೊಳೆದದ್ದು ಬಸ್ಸಿನಲ್ಲಿ. ತಂಗಿಯ ಮನೆಗೆ ಹೋಗಿದ್ದವಳು ಮೆಟ್ಟೂರಿನಿಂದ ವಾಪಸು ಬರುತ್ತಿದ್ದಳು. ಮುಂದಿನ ಸೀಟಿನ ಇಬ್ಬರು, ಬೆಟ್ಟದ ಊರಿನ ಒಬ್ಬನ ಸುದ್ದಿ ಮಾತಾಡುತ್ತಿದ್ದರು. ಅವನ ಹೊಲದಲ್ಲಿ ಗಾಂಜಾ ಗಿಡ ಸಿಕ್ಕಿತಂತೆ. ನಾನು ನೆಟ್ಟಿಲ್ಲ ಸ್ವಾಮಿ ಎಂದು ಕಾಲು ಹಿಡಿದರೂ ಪೊಲೀಸರು, ಹೊಲ ನಿಂದು ತಾನೇ ಎಂದರಂತೆ. ವರ್ಷವಾದರೂ ಜಾಮೀನಿಲ್ಲ. ಸಿದ್ದಲಕ್ಷ್ಮಮ್ಮ ಕಿಟಕಿಯ ಕಂಬಿಗೆ ಹಣೆ ಒರಗಿಸಿ ಕೂತಳು. ಹೊಲ ನಿಂದು ತಾನೇ. ಸುಬ್ಬರಾಯನ್ ಬಾಯಲ್ಲಿ ಬಂದ ಮಾತೇ ಸರ್ಕಾರದ ಬಾಯಲ್ಲೂ ಇತ್ತು.

ಮುಂದಿನ ಸಲ ಮೆಟ್ಟೂರಿಗೆ ಹೋದಾಗ ಅವಳು ಬಸ್ ಸ್ಟ್ಯಾಂಡಿನ ಹಿಂದಿನ ಗೋಡೆಯ ಹತ್ತಿರ ಬಹಳ ಹೊತ್ತು ಕೂತಳು. ಬೈರಾಗಿಗಳು ಚಿಲುಮೆಗೆ ತುಂಬುವ ಮುನ್ನ ಬೀಜ ಆರಿಸಿ ಎಸೆಯುವ ಜಾಗ ಅದು. ಅವರು ಎದ್ದು ಹೋದ ಮೇಲೆ ಮಣ್ಣಿನಿಂದ ಒಂದೊಂದಾಗಿ ಹೆಕ್ಕಿಕೊಂಡಳು. ಯಾರನ್ನೂ ಕೇಳಲಿಲ್ಲ, ಯಾರಿಂದಲೂ ಕೊಳ್ಳಲಿಲ್ಲ. ನಾಳೆ ಪೊಲೀಸರು ಸೇಲಂ, ಧರ್ಮಪುರಿ ಎರಡು ಜಿಲ್ಲೆ ಸೋಸಿದರೂ, ಈಕೆಗೆ ಬೀಜ ಕೊಟ್ಟೆ ಎನ್ನುವವನು ಒಬ್ಬನೂ ಸಿಗಬಾರದು.

ಜಾಗವನ್ನು ಅವಳು ಮೊದಲೇ ಆರಿಸಿಟ್ಟಿದ್ದಳು. ತೋಟದ ಪಡುವಣ ಮೂಲೆಯಲ್ಲಿ, ಹಳ್ಳದ ಪಕ್ಕ, ಒಂದು ಹುಳುಮನೆ ಇತ್ತು. ಹಿಂದೆ ಅಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ರೋಗ ಬಿದ್ದು ಎರಡು ಬೆಳೆ ಹೋದ ಮೇಲೆ ಸುಬ್ಬರಾಯನ್ ಅದಕ್ಕೆ ಬೀಗ ಹಾಕಿಸಿದ್ದ. ಉದ್ದನೆಯ ಕೋಣೆ, ಬಲೆ ಹೊಡೆದ ಕಿಟಕಿಗಳು, ಅದರ ಮೇಲೆ ಗೋಣಿ ಪರದೆ, ಸಾಲಾಗಿ ಟ್ಯೂಬ್ ಲೈಟು. ಒಳಗೆ ಬೇವಿನ ಹಿಂಡಿಯ ಹಳೇ ಮೂಟೆಗಳಿದ್ದವು. ಬಾಗಿಲು ತೆಗೆದರೆ ಬೇರೆ ಯಾವ ವಾಸನೆಯೂ ಮೂಗಿಗೆ ತಾಗುತ್ತಿರಲಿಲ್ಲ.

ಬೀಗದ ಕೈ ಅವಳ ಹತ್ತಿರವೇ ಇತ್ತು. ಗುಮಾನಿ ಬಂದರೆ ಮೊದಲು ಅವಳ ಮೇಲೆ, ಅದೊಂದೇ ಕೊರೆ. ಆ ಕೊರೆಯನ್ನು ಅವಳು ಬಲ ಮಾಡಿಕೊಂಡಳು. ಧರ್ಮಪುರಿಯಲ್ಲಿ ಹುಣಸೆಮರದ ಕೆಳಗೆ ಕೂರುವ ಬೀಗದವನಿಂದ ಇನ್ನೊಂದು ಕೈ ಮಾಡಿಸಿದಳು. ಆಮೇಲೆ ಒಂದು ಬೆಳಿಗ್ಗೆ ಎಲ್ಲ ಹೆಂಗಸರೂ ಹಾಜರಿ ಹೇಳಲು ನಿಂತಿದ್ದಾಗ ಮೊದಲಿನದನ್ನು ಸುಬ್ಬರಾಯನ್ ಮೇಜಿನ ಮೇಲಿಟ್ಟಳು.

"ಉಳುಮನೇಲಿ ನಾಗರಾವು ಸೇರ್ಕಂಡೈತೆ ಮೊದಲಾಳಿ. ನಾ ಇನ್ನ ಆ ಕಡೆ ಓಗಲ್ಲ. ಈ ಸಾವಿ ನಿಮ್ಮತ್ರವೇ ಇರ್ಲಿ."

ಅವನು ನಕ್ಕು, ಕುರ್ಚಿಯ ಹಿಂದಿನ ಮೊಳೆಗೆ ಅದನ್ನು ನೇತುಹಾಕಿದ. ಹನ್ನೆರಡು ಜನ ನೋಡಿದರು. ಮೊಳೆಗೆ ಬಿದ್ದದ್ದು ಬೀಗದ ಕೈಯಲ್ಲ, ಅವನ ಕೊರಳಿನ ಹಗ್ಗ ಎಂದುಕೊಂಡಳು ಅವಳು. ಅದು ಅಲ್ಲಿ ತೂಗುತ್ತಿರಲಿ. ಅವಳು ಮತ್ತೆ ಆ ಕಡೆ ಕಣ್ಣು ಹಾಯಿಸಲಿಲ್ಲ.

ಹುಳುಮನೆಯೊಳಗೆ ಕುಂಡಗಳಲ್ಲಿ ಬೀಜ ಹಾಕಿದಳು. ಮಧ್ಯಾಹ್ನ ಎಲ್ಲರೂ ಉಂಡು ಚಪ್ಪರದಡಿ ಮಲಗುವ ಹೊತ್ತಿಗೆ, ಹಳ್ಳದ ಕಡೆ ಸೌದೆಗೆಂದು ಹೋಗಿ ಬರುತ್ತಿದ್ದಳು. ಅರ್ಧ ಗಂಟೆ ಸಾಕಾಗುತ್ತಿತ್ತು. ಕಳೆಯಂತೆ ಬೆಳೆದರೂ ಅವಳ ಕೆಲಸಕ್ಕೆ ಸಾಕಿತ್ತು. ಆದರೆ ಕೈ ಕೇಳಬೇಕಲ್ಲ. ಸೊಟ್ಟಗೆ ನಿಂತ ಗಿಡ ಕಂಡರೆ ಅವಳ ಬೆರಳು ತಾವಾಗಿಯೇ ಮುಂದೆ ಹೋಗುತ್ತಿದ್ದವು. ಕೊಂಬೆಗಳನ್ನು ನೋಯದಂತೆ ಬಾಗಿಸಿ, ಹುಳು ಸಾಕುವ ತಟ್ಟೆಗಳ ಬಿದಿರಿಗೆ ಬಾಳೆನಾರಿನಿಂದ ಕಟ್ಟಿದಳು. ದಿನ ಬಿಟ್ಟು ದಿನ ಕಟ್ಟು ಸಡಿಲಿಸಿ, ಇನ್ನೊಂದಿಷ್ಟು ಬಗ್ಗಿಸಿದಳು. ಗಿಡಗಳು ಮೇಲೆ ಹೋಗುವುದನ್ನು ಬಿಟ್ಟು ಅಗಲಕ್ಕೆ ಹರಡಿ, ಬೆಳಕಿನ ಕೆಳಗೆ ಒಂದೇ ಮಟ್ಟದಲ್ಲಿ ಹಸಿರು ಹಾಸಿನಂತೆ ನಿಂತವು. ಇಂಥ ಕಟ್ಟು ನೋಡಿದರೆ ಕೈ ಪಳಗಿದವರದ್ದೆಂದು ಯಾರಿಗಾದರೂ ತಿಳಿಯುತ್ತದೆ. ತಿಳಿಯಲಿ. ಪೇಪರಿನಲ್ಲಿ ಕಸಿ ಕಟ್ಟುವ ಫೋಟೋ ಬಂದದ್ದು ಯಾರದು? ಹೊಗಳಿಕೆಯನ್ನು ಕದ್ದವನು ಈಗ ಅದರ ಶಿಕ್ಷೆಯನ್ನೂ ಇಟ್ಟುಕೊಳ್ಳಲಿ.

ದೀಪಾವಳಿಗೆ ರಾಧಾ ಬಂದಳು. ಕೊಯಮತ್ತೂರಿನಲ್ಲಿ ಕೃಷಿ ಓದುವ ಹುಡುಗಿ. ಬಂದವಳೇ ಗುಡಿಸಲ ಹಿಂದೆ ಹೋಗಿ, ಬೋಳು ಬುಡ ನೋಡಿ ಓಡಿ ಬಂದಳು.

"ಸಿದ್ದಮ್ಮ, ಮರ ಎಲ್ಲಿ?"

"ನಿಮ್ಮಪ್ಪನ್ನ ಕೇಳವ್ವ."

ಅಂದು ಸಂಜೆ ದೊಡ್ಡ ಮನೆಯಿಂದ ಜಗಳದ ದನಿ ಕಸಿ ಚಪ್ಪರದ ತನಕ ಕೇಳಿತು. ಮಾರನೇ ದಿನ ರಾಧಾಳ ಕಣ್ಣು ಕೆಂಪಗಿತ್ತು. ಬಂದು ಸಿದ್ದಲಕ್ಷ್ಮಮ್ಮನ ಪಕ್ಕ ನೆಲದ ಮೇಲೇ ಕೂತಳು.

"ಅಪ್ಪ ಮಾಡಿದ್ದು ರೊಂಬ ತಪ್ಪು. ನಾ ಇದನ್ನ ಸುಮ್ನೆ ಬಿಡಲ್ಲ ಸಿದ್ದಮ್ಮ."

"ಬಿಡವ್ವ. ಆಗಿದ್ದಾಯ್ತು," ಎಂದಳು ಸಿದ್ದಲಕ್ಷ್ಮಮ್ಮ, ಕಸಿಗೆ ಪಟ್ಟಿ ಸುತ್ತುತ್ತ. ಈ ಮಗುವನ್ನು ಸೊಂಟದ ಮೇಲೆ ಹೊತ್ತು ಆಡಿಸಿದ್ದಳು ಅವಳು. ಒಂದು ಗಳಿಗೆ ಎದೆಯಲ್ಲಿ ಏನೋ ಸಡಿಲವಾಯಿತು. ಕೂಡಲೇ ಬಿಗಿದುಕೊಂಡಳು. ರಜ ಮುಗಿದರೆ ಈ ಕಣ್ಣೀರು ಕಾಲೇಜಿಗೆ ಬಸ್ಸು ಹತ್ತುತ್ತದೆ. ಬುಡ ಇಲ್ಲೇ ಇರುತ್ತದೆ.

ಆಮೇಲೆ ಸುಬ್ಬರಾಯನ್ ಬೇರೆಯಾಗಿ ಕಂಡ. ಚಪ್ಪರದ ಹತ್ತಿರ ಬಂದು ನಿಲ್ಲುವನು, ಏನೋ ಹೇಳಲು ಬಾಯಿ ತೆರೆಯುವನು, "ಮೊಣಕಾಲು ನೋವು ಎಂಗೈತೆ ಸಿದ್ದಮ್ಮ?" ಎಂದು ಕೇಳಿ ಹೋಗಿಬಿಡುವನು. ಅವಳಿಗೆ ಇನ್ನೂ ಉರಿಯಿತು. ಮರ ಕಡಿಸಿ ಮೊಣಕಾಲು ವಿಚಾರಿಸುತ್ತಾನೆ!

ಒಂದೇ ಒಂದು ಸಲ ಅವಳ ಉಸಿರು ನಿಂತಿತ್ತು. ಅವಳು ಹುಳುಮನೆಯೊಳಗೆ ಇದ್ದಾಗಲೇ ಹೊರಗೆ, ಬಾಗಿಲಿಲ್ಲದ ಹಿಂಬದಿಯಲ್ಲಿ, ಮಾತು ಕೇಳಿತು. ಪರದೆಯ ಸಂದಿಯಲ್ಲಿ ನೋಡಿದರೆ ಸರ್ವೆಯವರು ಸರಪಳಿ ಎಳೆಯುತ್ತಿದ್ದಾರೆ, ಜೊತೆಗೆ ಊರಿನ ಜಮೀನು ಲೆಕ್ಕ ಇಡುವ ವಿ.ಎ.ಓ. ಶಿವಲಿಂಗಂ, ಸುಬ್ಬರಾಯನ್. ಹಳ್ಳದ ಮೇಲೆ ರಸ್ತೆ ಬರುತ್ತದೆಂಬ ಸುದ್ದಿ ಇತ್ತು, ಅದಕ್ಕೇ ಇರಬೇಕು. ಗಿಡಗಳ ನಡುವೆ ಕುಕ್ಕರಿಸಿ ಕೂತಳು.

"ಒಳಗೂ ನೋಡಣುಮಾ?" ಶಿವಲಿಂಗಂ ದನಿ.

"ಬ್ಯಾಡ, ಒಳಗೇನೈತೆ? ನಡೀರಿ," ಎಂದ ಸುಬ್ಬರಾಯನ್.

ಹೆಜ್ಜೆಗಳು ದೂರವಾದವು. ಅವಳು ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ತನ್ನ ಕೊರಳನ್ನು ತಾನೇ ಕಾಯುತ್ತಿದ್ದಾನೆ, ಮುಠ್ಠಾಳ. ಅದಾದ ಮೇಲೆ ಅವನು ಆ ಮೂಲೆಗೆ ಒಮ್ಮೆಯೂ ಬರಲಿಲ್ಲ. ಆಳುಗಳನ್ನೂ ಕಳಿಸಲಿಲ್ಲ. ಯಾರು ಬಂದರೆ ಏನು ಹೇಳಬೇಕು ಎಂದು ಅವಳು ಹತ್ತು ಸುಳ್ಳು ಕಟ್ಟಿಟ್ಟುಕೊಂಡಿದ್ದಳು. ಒಂದೂ ಬೇಕಾಗಲಿಲ್ಲ.

ಮಾವು ಹೂಬಿಟ್ಟಿತು. ಹುಳುಮನೆಯ ಗಿಡಗಳೂ ತೆನೆಗಟ್ಟಿ ಅಂಟಂಟಾದವು. ಮಾಸಿ ತಿಂಗಳಲ್ಲಿ, ಶಿವರಾತ್ರಿಯ ಹೊತ್ತಿಗೆ, ತೋಟದಲ್ಲಿ ದೊಡ್ಡ ಸಮಾರಂಭವೆಂದು ಗೊತ್ತಾಯಿತು. ‘ರಾಧಾ’ ಮಾವನ್ನು ನೋಡಲು ಜಿಲ್ಲೆಯ ಅಧಿಕಾರಿಗಳು, ಪೇಪರಿನವರು, ಸುತ್ತ ಹತ್ತೂರಿನ ರೈತರು ಬರುತ್ತಾರೆ. ಸಿದ್ದಲಕ್ಷ್ಮಮ್ಮ ಕಾದಿದ್ದದ್ದು ಇದಕ್ಕೇ. ಅವನು ಸದ್ದಿಲ್ಲದೆ ಜೈಲಿಗೆ ಹೋದರೆ ಸಾಲದು. ಹೂಮಾಲೆ ಕೊರಳಲ್ಲಿರುವಾಗಲೇ ಹೋಗಬೇಕು. ಎಲ್ಲರೂ ನೋಡುತ್ತಿರುವಾಗ ಬೀಳಬೇಕು, ಅವಳ ಮರ ಬಿದ್ದ ಹಾಗೆ.

ಹಿಂದಿನ ದಿನ ಗಿಡಗಳಿಗೆ ಕೊನೆಯ ಸಲ ನೀರು ಹಾಕಿದಳು. ಬೀಗ ಹಾಕಿ, ತನ್ನ ಕಳ್ಳ ಬೀಗದ ಕೈಯನ್ನು ಎಂಬತ್ತಡಿ ಬಾವಿಗೆ ಎಸೆದಳು. ಧರ್ಮಪುರಿ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಲ್ಲಿ ನಿಂತು, ಬಾಯಿಗೆ ಸೆರಗು ಅಡ್ಡ ಹಿಡಿದು, ಪೊಲೀಸರಿಗೆ ಅಚ್ಚ ತಮಿಳಿನಲ್ಲಿ ಹೇಳಿದಳು: "ಸುಬ್ಬರಾಯನ್ ತೋಟತ್ತುಲ, ಪುಳು ವೀಟ್ಟುಲ ಕಂಜಾ ಇರುಕ್ಕು. ನಾಳೈಕ್ಕು ವಾಂಗ." ಹುಳುಮನೆಯಲ್ಲಿ ಗಾಂಜಾ ಇದೆ, ನಾಳೆ ಬನ್ನಿ: ಇಷ್ಟೇ ಹೇಳಿ ಫೋನು ಇಟ್ಟುಬಿಟ್ಟಳು.

ಮಾರನೇ ದಿನ ಹನ್ನೊಂದು ಗಂಟೆಗೆ ಶಾಮಿಯಾನದ ಪಕ್ಕಕ್ಕೆ ಜೀಪು ಬಂದು ನಿಂತಿತು. ವೇದಿಕೆಯ ಮೇಲೆ ಸುಬ್ಬರಾಯನ್ ಆಗ ತಾನೇ ಮಾತಿಗೆ ಎದ್ದಿದ್ದ. ಇನ್ಸ್‌ಪೆಕ್ಟರ್ ಗಣೇಶನ್ ಮೈಕಿನ ಹತ್ತಿರ ಹೋಗಿ ಅವನ ಕಿವಿಯಲ್ಲಿ ಏನೋ ಹೇಳಿದ. ಸುಬ್ಬರಾಯನ್ ಮುಖ ಸುಣ್ಣವಾಯಿತು. ಅವನು ಮಗಳ ಕಡೆ ನೋಡಿದ. ರಾಧಾ ವೀಳ್ಯದೆಲೆ, ಶಾಲು, ಒಂದು ಕಂದು ಲಕೋಟೆ ಇಟ್ಟಿದ್ದ ತಟ್ಟೆ ಹಿಡಿದು ನಿಂತಿದ್ದಳು. ಅವಳು ಲಕೋಟೆಯನ್ನು ಹರಿದು, ಅದರೊಳಗಿಂದ ಹುಳುಮನೆಯ ಬೀಗದ ಕೈಯನ್ನು ತೆಗೆದು ಇನ್ಸ್‌ಪೆಕ್ಟರಿಗೆ ಕೊಟ್ಟಳು. ಹೆಂಗಸರ ಸಾಲಿನ ಹಿಂದೆ ನಿಂತಿದ್ದ ಸಿದ್ದಲಕ್ಷ್ಮಮ್ಮನಿಗೆ ಕಂಡದ್ದು ಕೈ ಬದಲಾಯಿಸಿದ ಬೀಗದ ಕೈ ಮಾತ್ರ. ಅಷ್ಟು ಸಾಕಾಗಿತ್ತು. ಅವರ ಮನೆಯ ಕೈಯಿಂದಲೇ ಬಂತಲ್ಲ!

ಜನವೆಲ್ಲ ಹಳ್ಳದ ಕಡೆ ನುಗ್ಗಿತು. ಬಾಗಿಲು ತೆರೆಯಿತು. ಒಳಗೆ ಹೋದ ಕಾನ್ಸ್‌ಟೇಬಲ್ಲುಗಳು "ಅಡೇಯಪ್ಪಾ!" ಎಂದದ್ದು ಹೊರಗೆ ಕೇಳಿತು. ತಟ್ಟೆ ತಟ್ಟೆಯಾಗಿ ಗಿಡಗಳು ಬಿಸಿಲಿಗೆ ಬಂದವು. ಹಿಡಿದ ಶಿಸ್ತು ಬಿಡದೆ, ಒಂದೇ ಮಟ್ಟಕ್ಕೆ ಬಾಗಿ ನಿಂತಿದ್ದವು. ತೋಟಗಾರಿಕೆಯ ಅಧಿಕಾರಿಯೊಬ್ಬ ಆ ಕಟ್ಟನ್ನು ನೋಡಿ ಬಾಯ್ತಪ್ಪಿ "ಎನ್ನ ವೇಲೈ!" ಎಂದು ಆ ಕೈಕೆಲಸವನ್ನು ಹೊಗಳಿಬಿಟ್ಟ. ಸಿದ್ದಲಕ್ಷ್ಮಮ್ಮನ ಎದೆ ಒಮ್ಮೆ ಉಬ್ಬಿತು. ಸುಬ್ಬರಾಯನ್ ಕೊರಳ ಹಾರ ಜಾರಿ ಒಂದು ಭುಜದ ಮೇಲೆ ನೇತಾಡುತ್ತಿತ್ತು. ಅವನು ಗಿಡಗಳನ್ನು ನೋಡುತ್ತಿರಲಿಲ್ಲ. ಜನರ ನಡುವೆ ಯಾರನ್ನೋ ಹುಡುಕುತ್ತಿದ್ದ. ಹುಡುಕಲಿ. ಏಳು ತಿಂಗಳಿನಿಂದ ಕಚ್ಚಿ ಹಿಡಿದಿದ್ದ ಹಲ್ಲನ್ನು ಅವಳು ಅಂದು ಮೊದಲ ಸಲ ಸಡಿಲಿಸಿದಳು.

ಮಹಜರು ಬರೆಯಲು ಇನ್ಸ್‌ಪೆಕ್ಟರ್ ವಿ.ಎ.ಓ.ನನ್ನು ಕರೆದ. ಶಿವಲಿಂಗಂ ಲಕೋಟೆಯಲ್ಲಿ ಉಳಿದಿದ್ದ ಪತ್ರವನ್ನು ರಾಧಾಳ ಕೈಯಿಂದ ತೆಗೆದುಕೊಂಡು, ತನ್ನ ರಿಜಿಸ್ಟರಿನ ಪಕ್ಕದಲ್ಲಿ ಬಿಡಿಸಿಟ್ಟ. "ಈ ಕಟ್ಟಡ ಸುಬ್ಬರಾಯನ್ ಅವರದ್ದಲ್ಲ ಸಾರ್," ಎಂದ, ಎಲ್ಲರಿಗೂ ಕೇಳುವ ಹಾಗೆ. "ದೀಪಾವಳಿ ಆದ ವಾರವೇ ಉಳುಮನೆ, ಸುತ್ತಿನ ಅರ್ಧ ಎಕರೆ ದಾನಪತ್ರ ರಿಜಿಸ್ಟರ್ ಆಯ್ತು. ಪಟ್ಟಾನೂ ಹೊಸ ಹೆಸರಿಗೆ ಮಾಡಿಸಿದ್ದೀನಿ. ಇವತ್ತು ವೇದಿಕೆ ಮೇಲೆ ಕೊಡಬೇಕು ಅಂತ ಯಾರಿಗೂ ಏಳಿರಲಿಲ್ಲ. ಮೊಳೆ ಮೇಲಿದ್ದ ಸಾವೀನ ಅವತ್ತೇ ಪತ್ರದ ಜೊತೆ ಲಕೋಟೆಗೆ ಆಕಿ ಅಂಟಿಸಿದ್ದು, ಮೇಲೆ ಸಾಕ್ಷಿ ರುಜು ನಂದೇ. ಮೂರು ತಿಂಗಳು ಅದನ್ನ ಯಾರೂ ತೆಗ್ದಿಲ್ಲ." ಇನ್ಸ್‌ಪೆಕ್ಟರ್ ಇನ್ನೂ ತೇವ ಆರದ ಕುಂಡದ ಮಣ್ಣನ್ನು ಬೆರಳಿನಿಂದ ಒತ್ತಿ ನೋಡಿದ. ಆಮೇಲೆ ಪತ್ರದ ಮೇಲೆ ಬಗ್ಗಿ, ಹೆಸರನ್ನು ಕೂಡಿಸಿ ಕೂಡಿಸಿ ಓದಿಕೊಂಡು, ತಲೆಯೆತ್ತಿ ಜನರನ್ನು ಕೇಳಿದ: "ಎಲ್ಲಪ್ಪನ ಹೆಂಡತಿ ಸಿದ್ದಲಕ್ಷ್ಮಮ್ಮ ಅಂದ್ರೆ ಯಾರು?"