ಬೇಸಿಗೆ ಕೆರೆಯ ಮರಲ

ನಮ್ಮಜ್ಜಿ ಹಸುಗೂಸಾಗಿದ್ದಾಗ, ಅಂದರೆ ಇಂಗ್ಲಿಷರ ಕಾಲದಲ್ಲಿ, ನಿಜವಾಗಿ ನಡೆದದ್ದು ಇದು. ಅವಳ ತಾಯಿ ಕೆಂಪವ್ವನಿಗೆ ಎದೆಹಾಲು ಬತ್ತಿತ್ತು. ಕೂಸಿಗೆ ಅಳುವ ಶಕ್ತಿಯೂ ಉಳಿದಿರಲಿಲ್ಲ. ಬಾಣಂತಿಗೆ ಮರಲ ಮೀನಿನ ಸಾರು ಕುಡಿಸಿದರೆ ಹಾಲು ಇಳಿಯುತ್ತದೆ ಎಂದು ಸೂಲಗಿತ್ತಿ ಹೇಳಿದ್ದೇ ತಡ, ಗಂಡ ಲಗಮಪ್ಪ ಗೆಳೆಯ ಮಾಲಿಂಗಪ್ಪನನ್ನು ಕರೆದುಕೊಂಡು ಹುಕ್ಕೇರಿ ಕಡೆಯ ಕೆರೆಗೆ ಓಡಿದ.

ಸುಡುವ ಬೇಸಿಗೆಯ ಮಧ್ಯಾಹ್ನ. ಕೆರೆಯಲ್ಲಿ ಉಳಿದದ್ದು ಮೊಣಕಾಲುದ್ದದ ಕೆಸರುನೀರು. ಲಗಮಪ್ಪ ಮೀನು ಹಿಡಿಯುವ ತಳವಿಲ್ಲದ ಬಿದಿರಿನ ಬುಟ್ಟಿ, ಕೂಳಿಯನ್ನು ಕೆಸರಿಗೆ ಒತ್ತಿ, ಮೇಲಿನ ಬಾಯಿಂದ ಕೈ ಇಳಿಸಿ ತಡಕಾಡಿದ. ಹೊರಗಿನ ನೀರು ಕಾಲು ಸುಡುತ್ತಿತ್ತು, ಕೂಳಿಯೊಳಗಿನದು ತಣ್ಣಗೆ ಕೊರೆಯುತ್ತಿತ್ತು. ಯಾರೋ ಅಂಗೈಗೆ ಮೀನು ಇಟ್ಟರು. ಎತ್ತಿದರೆ ಮೊಟ್ಟೆ ತುಂಬಿದ ಬಾಳೆಮೀನು, ಹೊಸ ಮಳೆಗೆ ಮಾತ್ರ ಸಿಗುವಂಥದ್ದು. ಮಾಲಿಂಗಪ್ಪನೇ ಬೆನ್ನ ಹಿಂದಿನಿಂದ ಕೂಳಿಯಡಿ ಕೈ ತೂರಿಸಿ ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡ.

ಮತ್ತೆ ಕೈ ಇಳಿಸಿದ. ಈಗ ಬಂದದ್ದು ಚಳಿಗಾಲದ ಹಾವುಮೀನು.

“ಇದಲ್ಲೋ ಮಾರಾಯಾ! ಕೂಸು ಸಾಯಾಕತ್ತೈತಿ, ಮರಲ ಕೊಡೋ!” ಎಂದು ಕೂಗಿದ.

ಅಂಗೈಗೆ ಮರಲ ಬಂತು. ತಣ್ಣನೆಯ ಬೆರಳುಗಳು ಅವನ ಮುಷ್ಟಿಯನ್ನು ಮೆಲ್ಲಗೆ ಮುಚ್ಚಿದವು.

“ಯಾರ ಜೋಡಿ ಮಾತಾಡಾಕತ್ತೀಯಲೇ? ಬಿಸಲು ನೆತ್ತಿಗೇರೈತೇನು?”

ಮಾಲಿಂಗಪ್ಪ ದೂರದ ದಂಡೆಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ.

ಲಗಮಪ್ಪ ಮೀನು ಬಿಡಲಿಲ್ಲ. ಕೂಳಿಯನ್ನು ಅಲ್ಲೇ ಬಿಟ್ಟು ಮನೆಗೆ ಓಡಿದ.

ಸಾರು ಕುಡಿದ ಸಂಜೆಯೇ ಹಾಲು ಇಳಿಯಿತು. ಕೂಸು ಗಟಗಟ ಕುಡಿಯತೊಡಗಿತು. ಕೆಂಪವ್ವ ಮಾತ್ರ ಹಲ್ಲು ಕಟಕಟಿಸುತ್ತಾ ಗಂಡನ ಅಂಗೈಗೆ ಒಂದು ಹನಿ ಹಿಂಡಿ, “ಮುಟ್ಟಿ ನೋಡ್ರಿ,” ಎಂದಳು.

ಹಾಲು ಮಂಜಿನಂತೆ ತಣ್ಣಗಿತ್ತು. ಕೂಸು ಎದೆ ಬಿಡಲೇ ಇಲ್ಲ.