ದಾರಿಯಲ್ಲಿ ನಿಲ್ಲದ ಕಾರು

ಕೆಂಪು ಕಾರಿನ ಅಡಿಯಿಂದ ಜಾರಿ ಹೊರಬಂದ ಮನುಷ್ಯನನ್ನು ಕಂಡು ಸೌಮ್ಯ ಇದ್ದಲ್ಲೇ ನಿಂತುಬಿಟ್ಟಳು.

ಕುಮಾರ!

ಅವಳ ಗಂಡ, ಶಿವಕುಮಾರಸ್ವಾಮಿ. ಮುಖ ನೋಡಿ ವರ್ಷದ ಮೇಲಾಗಿತ್ತು. ಕಿವಿಯ ಪಕ್ಕದ ಕೂದಲು ನರೆತಿದೆ. ಅಂಗಿಯ ತೋಳಿಗೆ ಗ್ರೀಸ್ ಮೆತ್ತಿದೆ. ತಮ್ಮೂರು ಧನಗೆರೆಯಿಂದ ದಿನವೂ ಕೊಳ್ಳೇಗಾಲಕ್ಕೆ ಬಂದು ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುವ ಮನುಷ್ಯ, ಇಲ್ಲಿನ ಹಳೇ ಕಾರು ಮಾರುವ ಅಂಗಳದಲ್ಲಿ ನೆಲದ ಮೇಲೆ ಯಾಕೆ ಮಲಗಿದ್ದಾರೆ?

ಅವನೂ ಅವಳನ್ನು ನೋಡಿದ. ಎದ್ದು ನಿಲ್ಲುವುದನ್ನೇ ಮರೆತ.

"ಅಪ್ಪಾಜಿ... ಇವ್ರನ್ನ ಯಾಕೆ ಕರೆಸಿದ್ರಿ?" ಸೌಮ್ಯ ಪಕ್ಕದಲ್ಲಿದ್ದ ಅಪ್ಪನ ಕಡೆ ತಿರುಗಿದಳು.

ಪುಟ್ಟಮಾದಪ್ಪನವರು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು. "ಇನ್ಯಾರ್ನ ಕರೀಲವ್ವ? ಅಳೇ ಕಾರ್ ತಕಳೋರೆಲ್ಲ ಈಗ ಮೊದ್ಲು ಇವ್ರನ್ನೇ ಕರ್ಕಂಡೋಯ್ತಾರೆ. ನಾವು ಮೋಸ ಓಗ್ಬಾರ್ದಲ್ಲ? ಎಷ್ಟಾದ್ರೂ ಅಳಿಯ ಕಣವ್ವ."

ಅಳಿಯ! ಆ ಮಾತು ಅವಳ ಎದೆಗೆ ನೇರವಾಗಿ ಚುಚ್ಚಿತು.

ಸೌಮ್ಯ ರೇಷ್ಮೆ ಇಲಾಖೆಯಲ್ಲಿ ಕೆಲಸಕ್ಕಿದ್ದಳು. ಈಚೆಗೆ ಹನೂರಿಗೆ ವರ್ಗವಾಗಿತ್ತು. ಯಳಂದೂರಿನ ತವರಿನಿಂದ ದಿನವೂ ಹೋಗಿಬರಬೇಕು. ಹಿಪ್ಪುನೇರಳೆ ಬೆಳೆಯುವ ಹಳ್ಳಿಗಳಿಗೆ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿದ್ದ ಒಂದು ಕಾರನ್ನು ಅಪ್ಪ ಬೆಲ್ಲದ ವ್ಯಾಪಾರಕ್ಕೆ ಊರೂರು ತಿರುಗಿಸುತ್ತಿದ್ದರು. ಹಾಗಾಗಿ ಅವಳಿಗೆಂದು ಇನ್ನೊಂದು ಸಣ್ಣ ಕಾರು ಹುಡುಕುತ್ತಿದ್ದರು. ಕಡಿಮೆ ಬೆಲೆಯದು, ದಿನದ ಓಡಾಟಕ್ಕೆ ಸಾಕಾಗುವಂಥದ್ದು.

ಬಣ್ಣ ಯಾವುದಾದರೇನು, ಎಷ್ಟು ಹಳೆಯದಾದರೇನು? ಅವಳು ಕೇಳಿದ್ದು ಒಂದೇ: ದಾರಿಯಲ್ಲಿ ನಿಲ್ಲಬಾರದು.

"ಇದ್ನೇ ತಕಳಿ ಮೇಡಂ!" ಮಾರುವ ಮಾದಣ್ಣ ಕೆಂಪು ಕಾರಿನ ಬಾನೆಟ್ ತಟ್ಟಿದ. "ಬೆಣ್ಣೆ ಅಂಗೆ ಓಯ್ತದೆ. ಪೇಂಟ್ ನೋಡಿ, ಅದೆಂಗೆ ಒಳೀತದೆ!"

ಕುಮಾರ ನಿಧಾನವಾಗಿ ಎದ್ದ. "ನಾವು ಬರೋ ಮುಂಚೆನೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದೀರಿ ಮಾದಣ್ಣ. ತಣ್ಣಗಿದ್ದಾಗ ಇದು ಏಳಲ್ಲ, ಅಲ್ವಾ? ಕೆಳಗೆ ಆಯಿಲ್ ಬೇರೆ ಸೋರ್ತಿದೆ."

ಮಾದಣ್ಣ ಹಲ್ಲುಕಿರಿದು ತಲೆ ಕೆರೆದುಕೊಂಡ.

"ನಂಗೆ ಇದೇ ಇಷ್ಟ," ಎಂದಳು ಸೌಮ್ಯ. ಇಷ್ಟವೇನೂ ಆಗಿರಲಿಲ್ಲ!

"ಬೇಡ ಸೌಮ್ಯ. ಇದು ನಿಂತುಹೋಗುತ್ತೆ."

"ನಿಂತುಹೋಗೋ ಕಾರು ಯಾವ್ದು ಅಂತ ನಿಮಗೆ ಚೆನ್ನಾಗಿ ಗೊತ್ತಲ್ವಾ!"

ಕುಮಾರ ತಲೆ ತಗ್ಗಿಸಿದ. ಪುಟ್ಟಮಾದಪ್ಪನವರು ಕಣ್ಣುಮುಚ್ಚಿಕೊಂಡರು. ಮಾತು ಬಾಯಿಂದ ಜಾರಿದ ಮೇಲೆ ಸೌಮ್ಯಳಿಗೇ ನಾಲಿಗೆ ಕಹಿಯಾಯಿತು... ಆದರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅವರ ಕಾರು ನಿಂತುಹೋದ ಆ ದಿನ ಅವಳು ತುಂಬು ಗರ್ಭಿಣಿ. ಹನೂರಿನ ನೆಂಟರ ಮನೆಯ ಗೃಹಪ್ರವೇಶ ಮುಗಿಸಿಕೊಂಡು ಇಬ್ಬರೂ ಹಿಂದಿರುಗುತ್ತಿದ್ದರು. ಕಾಮಗೆರೆ ಇನ್ನೂ ದೂರವಿದ್ದಾಗ ಅವಳಿಗೆ ನೋವು ಶುರುವಾಯಿತು. ಅದೇ ಹೊತ್ತಿಗೆ ಒಂದು ತಿರುವಿನಲ್ಲಿ ಕಾರು ಗಕ್ಕನೆ ನಿಂತಿತು! ಕುಮಾರ ಬಾನೆಟ್ ಎತ್ತಿ ನಿಂತ. ಬಿಸಿಲು... ನೋವು... ಕೊನೆಗೆ ಹಾಲಿನ ವ್ಯಾನೊಂದು ಅವರನ್ನು ಆಸ್ಪತ್ರೆಗೆ ಮುಟ್ಟಿಸಿತು. ಅವಳಿಗೆ ಎಚ್ಚರವಾದಾಗ ಮಗು ಇರಲಿಲ್ಲ.

"ನಿಮ್ಮ ಮುಖ ನೋಡಿದ್ರೆ ಆ ರಸ್ತೆನೇ ಕಾಣುತ್ತೆ. ಬರಬೇಡಿ," ಎಂದು ತವರಿನ ಬಾಗಿಲಲ್ಲಿ ಅವನನ್ನು ತಡೆದಿದ್ದಳು. ಅವನು ಬರುವುದನ್ನು ನಿಲ್ಲಿಸಿದ. ಆ ಕಾರನ್ನೂ ಒಂದು ಮಾತು ಹೇಳದೆ ಮಾರಿಬಿಟ್ಟ. ಎಷ್ಟು ಸುಲಭವಾಗಿ ಎಲ್ಲ ಒರೆಸಿಹಾಕಿದರು ಎಂದು ಅವಳು ದಿಂಬಿಗೆ ಮುಖ ಒತ್ತಿ ಅತ್ತಿದ್ದಳು.

ಅಂಗಳದ ಮೂಲೆಯಲ್ಲಿ ಬೂದುಬಣ್ಣದ ಸಣ್ಣ ಕಾರೊಂದಿತ್ತು. ಬಾಗಿಲಿಗೆ ಗೀರು, ಸೀಟಿನ ಬಟ್ಟೆ ಸವೆದಿದೆ. ಕುಮಾರ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನೋಡಿದ. ತಣ್ಣಗಿತ್ತು. ಕೀ ತಿರುಗಿಸಿದ ಕೂಡಲೇ ಇಂಜಿನ್ ಎದ್ದಿತು. ಹೊಗೆಯಿಲ್ಲ, ಅಪಸ್ವರವಿಲ್ಲ.

"ಇದು ನೋಡೋಕೆ ಚೆನ್ನಾಗಿಲ್ಲ. ಆದ್ರೆ ಕೈ ಕೊಡಲ್ಲ," ಎಂದ ಅವಳ ಕಡೆ ನೋಡದೆ. "ಬಿಡಿಭಾಗ ಎಲ್ಲಾ ಕಡೆ ಸಿಗುತ್ತೆ. ಹನೂರಲ್ಲೂ ರಿಪೇರಿ ಮಾಡ್ತಾರೆ."

"ಓಗಿ, ಒಂದ್ ಸುತ್ತು ಓಡ್ಸ್ಕಂಡು ಬನ್ನಿ," ಎಂದರು ಪುಟ್ಟಮಾದಪ್ಪನವರು. "ನಂಗೆ ಮಂಡಿ ನೋವು. ನಾನಿಲ್ಲೇ ಟೀ ಕುಡೀತಾ ಇರ್ತೀನಿ."

ಬೆಳಿಗ್ಗೆ ಇಲ್ಲದ ಮಂಡಿ ನೋವು! ಸೌಮ್ಯ ಅಪ್ಪನನ್ನು ದುರುಗುಟ್ಟಿ ನೋಡಿ ಸ್ಟೇರಿಂಗ್ ಹಿಡಿದಳು. ಕುಮಾರ ಪಕ್ಕದ ಸೀಟಿನಲ್ಲಿ ಕೂತ.

ಕಾರು ಹನೂರಿನ ರಸ್ತೆಗೆ ಬಿತ್ತು. ನಾಳೆಯಿಂದ ಓಡಾಡಬೇಕಾದ ದಾರಿಯೇ ಅದು.

"ಒಂದು ಸಲ ಬ್ರೇಕ್ ಒತ್ತಿ ನೋಡು... ಸರಿ. ಈಗ ಗೇರ್ ಬದಲಾಯಿಸು."

ಅಷ್ಟೇ ಮಾತು. ಬಿಟ್ಟರೆ ಇಂಜಿನ್ನಿನ ಸದ್ದು. ಅವನ ಮೈಯ ಪರಿಚಿತ ವಾಸನೆ ಗ್ರೀಸಿನ ನಡುವೆಯೂ ಅವಳ ಮೂಗಿಗೆ ಬಡಿಯಿತು. ಅಳು ಉಕ್ಕಿಬಂತು. ನುಂಗಿಕೊಂಡಳು.

ಕಾಮಗೆರೆ ದಾಟಿದ ಮೇಲೆ ಆ ತಿರುವು ಬಂತು. ಸೌಮ್ಯಳ ಕಾಲು ತಾನಾಗಿಯೇ ಬ್ರೇಕ್ ಒತ್ತಿತು. ಕಾರು ರಸ್ತೆಯಂಚಿಗೆ ಸರಿದು ನಿಂತಿತು.

"ಸೌಮ್ಯ... ಇಲ್ಲಿ ಬೇಡ. ಮುಂದೆ ಹೋಗೋಣ."

"ನಾನು ನಿಮಗೆ ಒಂದು ವಿಷಯ ಹೇಳೇ ಇಲ್ಲ." ಅವಳು ಇಂಜಿನ್ ಆರಿಸಿದಳು. "ಅವತ್ತು... ಬೆಳಿಗ್ಗೆಯಿಂದ್ಲೇ ಮಗು ಮಿಸುಕಾಡಿರ್ಲಿಲ್ಲ ರೀ. ಮಲಗಿದೆ ಅಂದ್ಕೊಂಡೆ. ಎಲ್ಲರ ಜೊತೆ ನಗ್ತಾ ಊಟ ಮಾಡ್ದೆ. ನಿಮ್ಮನ್ನ ಬೈದೆ, ಕಾರನ್ನ ಬೈದೆ... ಬೈಯದೇ ಇದ್ರೆ ನಂಗೆ ಹುಚ್ಚು ಹಿಡೀತಿತ್ತು!"

ಕುಮಾರ ಕಿಟಕಿಯಾಚೆ ರಸ್ತೆಯಂಚನ್ನು ನೋಡಿದ.

"ಗೊತ್ತು," ಎಂದ.

"ಏನ್ ಗೊತ್ತು?"

"ಡಾಕ್ಟರಮ್ಮ ಅವತ್ತೇ ಹೇಳಿದ್ರು. ಕಾರು ನಿಲ್ಲೋದಕ್ಕೆ ಎಷ್ಟೋ ಮುಂಚೆನೇ ಮಗು ಹೋಗಿತ್ತಂತೆ. ಹೊಕ್ಕುಳಬಳ್ಳಿ ಗಂಟುಬಿದ್ದಿತ್ತು. ಯಾರ ತಪ್ಪೂ ಇಲ್ಲ ಅಂದ್ರು."

ಸೌಮ್ಯ ದಿಗ್ಭ್ರಮೆಯಿಂದ ಅವನನ್ನೇ ನೋಡಿದಳು. "ಮತ್ತೆ... ನಂಗ್ಯಾಕೆ ಹೇಳ್ಲಿಲ್ಲ? ನಾನು ಬಾಯಿಗೆ ಬಂದಂಗೆ ಅಂದೆ, ಆಗ್ಲೂ ಯಾಕೆ ಸುಮ್ನಿದ್ರಿ?"

"ಮುಂಚೆನೇ ಹೋಗಿತ್ತು ಅಂದ್ರೆ ನೀನು ಪ್ರತಿ ಗಳಿಗೆನೂ ಲೆಕ್ಕ ಹಾಕ್ತಿದ್ದೆ. ನಿನ್ನನ್ನೇ ಸುಟ್ಕೋತಿದ್ದೆ. ನನ್ನ ಮೇಲೆ ಸಿಟ್ಟಿದ್ರೆ ಹೆಂಗೋ ಬದುಕ್ತಾಳೆ ಅನ್ನಿಸ್ತು." ಅವನು ತೋಳಿಗೆ ಮೆತ್ತಿದ ಗ್ರೀಸನ್ನು ಉಜ್ಜಿದ. "ಆ ಕಾರು ನಿನ್ನ ಕಣ್ಣಿಗೆ ಮತ್ತೆ ಬೀಳ್ಬಾರ್ದು ಅಂತ ಮಾರ್ದೆ. ನಿನ್ನ ಕಾಪಾಡ್ತಿದ್ದೀನಿ ಅಂದ್ಕೊಂಡೆ ಸೌಮ್ಯ. ಆದ್ರೆ ನೀನು ಒಬ್ಳೇ ಸುಡ್ತಾ ಇದ್ದೆ... ನಂಗೆ ತಿಳೀಲೇ ಇಲ್ಲ."

ಅವಳು ಸ್ಟೇರಿಂಗ್ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಅವನ ಕೈ ಅವಳ ಬೆನ್ನಿನ ಹತ್ತಿರ ಬಂದು, ಹೆದರಿ, ಗಾಳಿಯಲ್ಲೇ ನಿಂತಿತು. ಅವಳೇ ಆ ಕೈ ಎಳೆದು ಎದೆಗೊತ್ತಿಕೊಂಡಳು.

"ಕಾರಿಂದ ಅಲ್ಲ ಅಂತ ಗೊತ್ತಿದ್ರೂ, ಈ ಕಾರಿನ ಕೆಲ್ಸ ಎಲ್ಲ ಯಾಕೆ ಕಲಿತ್ರಿ?"

"ನೀನು ಒಳಗಿಂದ, 'ರೀ, ಏನಾಯ್ತು ರೀ' ಅಂತ ಕೂಗ್ತಿದ್ದೆ. ನಾನು ಬಾನೆಟ್ ಎತ್ತಿ ಮೂಕನ ಥರ ನಿಂತಿದ್ದೆ. ಏನಾಯ್ತು ಅಂತ ನಂಗೇ ಗೊತ್ತಿರ್ಲಿಲ್ಲ..." ಅವನು ಮುಖ ಆಚೆ ತಿರುಗಿಸಿದ. "ಆ ಕೂಗು ಈಗ್ಲೂ ಕಿವೀಲಿ ಇದೆ."

ಸೌಮ್ಯ ಸೆರಗಿನಿಂದ ಕಣ್ಣೊರೆಸಿಕೊಂಡಳು. ಈವರೆಗೆ ಯಾರನ್ನೂ ಕೇಳಲಾಗದೆ ಒಳಗೇ ಹೂತಿಟ್ಟಿದ್ದ ಮಾತು ಈಗ ತುಟಿಗೆ ಬಂತು.

"ನೀವು... ಮಗೂನ ನೋಡಿದ್ರಾ?"

"ಎತ್ಕೊಂಡಿದ್ದೆ."

"ಯಾರ ಥರ ಇತ್ತು?"

"ಹಣೆ ನಿಂದೇ. ತುಂಬಾ ಕೂದ್ಲು. ಬೆರಳು ಮಾತ್ರ ನನ್ನ ಥರ, ಉದ್ದಕ್ಕೆ..." ಅವನು ತನ್ನ ಅಂಗೈ ಬಿಡಿಸಿ ನೋಡಿಕೊಂಡ. ಆಮೇಲೆ ಪಿಸುಗುಟ್ಟಿದ: "ಹೆಣ್ಣು ಮಗು ಸೌಮ್ಯ. ನಮ್ಮ ಧನಗೆರೆ ಜಮೀನಲ್ಲಿ, ನಮ್ಮ ತಾತನ ಸಮಾಧಿ ಪಕ್ಕದಲ್ಲೇ ಮಲಗಿಸಿದ್ದೀನಿ. ಸಂಜೆ ಸ್ಕೂಲಿಂದ ಬಂದು ಅಲ್ಲೇ ಕೂತಿರ್ತೀನಿ."

"ಒಬ್ರೇನಾ?"

"ಇನ್ಯಾರು ಬರ್ತಾರೆ?"

ಸೌಮ್ಯ ಕಾರು ಸ್ಟಾರ್ಟ್ ಮಾಡಿ ಕೊಳ್ಳೇಗಾಲದ ಕಡೆ ತಿರುಗಿಸಿದಳು.

"ಮಾವ ಕಾಯ್ತಿರ್ತಾರೆ," ಎಂದ ಅವನು.

"ಅವ್ರನ್ನೂ ಕರ್ಕೊಂಡು ಧನಗೆರೆಗೆ ಹೋಗೋಣ. ನಮ್ಮ ಮನೆಗೆ."

ಕುಮಾರನ ಕಣ್ಣು ತುಂಬಿ ಹರಿಯಿತು. ಒರೆಸಿಕೊಳ್ಳಲಿಲ್ಲ.

"ರೀ... ಅಲ್ಲಿ ಕೂತಾಗ ಅವಳನ್ನ ಏನಂತ ಕರೀತೀರಿ?"

"ಮಗು ಅಂತೀನಿ, ಅಷ್ಟೇ. ಹೆಸರಿಟ್ಟಿಲ್ಲ."

"ಯಾಕೆ?"

"ಅವಳ ಅಮ್ಮ ಬರ್ಲಿ ಅಂತ."