ಅಳಿಸಿಹಾಕಿದ ಏಳನೇ ಆಂಟೆನಾ

ಬಾಗಿಲ ಸದ್ದಿಗೆ ತಿರುಗಿದವಳ ಕೈಯಲ್ಲಿದ್ದ ಸೀಮೆಸುಣ್ಣ ಪಟ್ಟನೆ ಮುರಿಯಿತು.

ಅವನು!

ಮೂರು ವರ್ಷದ ಮೇಲೆ... ಅದೇ ಗೀರು ಬಿದ್ದ ಕನ್ನಡಕ. ರೇಡಿಯೋ ಅಲೆಗಳಿಂದ ಆಕಾಶದ ಚಿತ್ರ ಮಾಡುವುದನ್ನು ಅವಳಿಂದ ಕಲಿಯಲು ಬಂದ ಖಗೋಳ ವಿಜ್ಞಾನಿಗಳ ಹಿಂದೆ, ಕೊನೆಯ ಬೆಂಚಿನಲ್ಲಿ ಕುಳಿತ.

"ತಡವಾಯ್ತು, ಕ್ಷಮಿಸಿ ಮೇಡಂ."

ಮೇಡಂ! ಒಂದು ಕಾಲಕ್ಕೆ 'ಏ ಗಡಿಬಿಡಿ' ಎಂದು ಕರೆಯುತ್ತಿದ್ದ ಬಾಯಿ ಅದು.

ಆಗ ಅವನು ಏಳನೇ ಆಂಟೆನಾದ ಎಂಜಿನಿಯರ್. ಇದ್ದ ಹತ್ತು ಆಂಟೆನಾಗಳಲ್ಲಿ ಅದೇ ಎಲ್ಲಕ್ಕಿಂತ ದೂರದ್ದು. ಬಿಸಿಲು ಗಾಳಿ ಎನ್ನದೆ ಮಗುವಿನ ಹಾಗೆ ನೋಡಿಕೊಂಡಿದ್ದ. ಅದರ ಸಂಕೇತ ಉಳಿದವುಗಳ ಜೊತೆ ಹೊಂದಲಿಲ್ಲವೆಂದು, ತುಂಬಿದ ಸಭೆಯಲ್ಲಿ ಇವಳು "ಏಳನೆಯದು ಕೆಟ್ಟಿದೆ" ಎಂದುಬಿಟ್ಟಳು.

"ಒಂದ್ಸಲ ಪರೀಕ್ಷೆ ಮಾಡಿ ನೋಡೇ," ಎಂದು ಬೇಡಿಕೊಂಡಿದ್ದ. ಕೇಳಲಿಲ್ಲ; ಚಿತ್ರದ ಲೆಕ್ಕದಿಂದ ಅದರ ಡೇಟಾ ಪೂರ್ತಿ ಅಳಿಸಿದಳು. ವಾರದೊಳಗೆ ವರ್ಗಾವಣೆ ಕೇಳಿಕೊಂಡು ಅವನು ಹೊರಟೇ ಹೋದ.

ಇವತ್ತೂ ನಿಜ ಮುಚ್ಚಿಟ್ಟರೆ ಅವನು ಮತ್ತೆಂದೂ ಸಿಗುವುದಿಲ್ಲ... ಅವಳು ಹಳೆಯ ಚಿತ್ರವನ್ನು ಪರದೆಯ ಮೇಲೆ ತಂದಳು. ಮಸುಕಾದ ಒಂದೇ ಚುಕ್ಕಿ.

"ಯಾವುದನ್ನಾದ್ರೂ ಕೆಟ್ಟದ್ದು ಅಂತ ಅಳಿಸೋ ಮುಂಚೆ ನಿಮ್ಮ ಕಡೆ ತಪ್ಪಿದೆಯಾ ನೋಡಿಕೊಳ್ಳಿ. ಇಲ್ಲಿ ಆಂಟೆನಾ ಸರಿಯಾಗೇ ಇತ್ತು. ಅದು ನಿಂತ ಜಾಗದ ಅಳತೆಯನ್ನ ತಪ್ಪಾಗಿ ಬರೆದವಳು ನಾನು. ಎರಡು ಅಂಕಿ ಹಿಂದುಮುಂದು. ಗೊತ್ತಾಗೋ ಹೊತ್ತಿಗೆ ಕಾಲ ಮಿಂಚಿತ್ತು."

ಅಳತೆ ತಿದ್ದಿ, ಮೂಲ ಪ್ರತಿಯಲ್ಲಿ ಉಳಿದಿದ್ದ ಏಳನೆಯದರ ಡೇಟಾವನ್ನು ಮತ್ತೆ ಸೇರಿಸಿದಳು. ಮಸುಕು ಸರಿಯಿತು. ಒಂದೆಂದುಕೊಂಡಿದ್ದ ಚುಕ್ಕಿಯ ಜಾಗದಲ್ಲಿ ಎರಡು, ಪಕ್ಕಪಕ್ಕದಲ್ಲಿ!

"ಇಷ್ಟು ಸ್ಪಷ್ಟವಾಗಿ ಕಾಣಬೇಕಾದ್ರೆ ಆ ದೂರದ್ದು ಬೇಕೇ ಬೇಕು," ಎಂದಳು, ಕೊನೆಯ ಬೆಂಚಿನ ಕಡೆ ನೋಡುತ್ತಾ.

ತರಗತಿ ಖಾಲಿಯಾಯಿತು. ಅವನು ಎದ್ದಿರಲಿಲ್ಲ.

"ಗೊತ್ತಾದ್ಮೇಲಾದ್ರೂ ಒಂದು ಫೋನ್ ಮಾಡಬಾರದಿತ್ತಾ?"

"ಯಾವ ಮುಖ ಇಟ್ಕೊಂಡು ಮಾಡ್ಲಿ? ನಂಬರ್ ಒತ್ತಿ ಒತ್ತಿ ಕಟ್ ಮಾಡಿದೀನಿ. ನೀನಿಲ್ಲದೆ ಒಂದು ದಿನಾನೂ ನೆಟ್ಟಗೆ ಬದುಕಿಲ್ಲ ಕಣೋ..."

ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ನನ್ನ ಆಂಟೆನಾ ಮಾಡಿದ ತಪ್ಪೇನು ಅಂತ ಕೇಳೋಕೇ ಬಂದಿದ್ದೆ."

"ಉತ್ತರ ಸಿಕ್ತಲ್ಲ. ಇನ್ನು ಹೊರಟು ಹೋಗ್ತೀಯ..."

"ನೋಡು, ಮತ್ತೆ ಪರೀಕ್ಷೆ ಮಾಡದೆ ತೀರ್ಮಾನ! ಒಂದ್ಸಲ ಕೇಳಿ ನೋಡೇ, ಗಡಿಬಿಡಿ."

ಅವಳು ಅಳುತ್ತಲೇ ನಕ್ಕಳು. "ಇರ್ತೀಯಾ?"

"ಇರ್ತೀನಿ."